ಸೊನ್ನೆ ಚೀಟಿ

ಬಸ್ ಡಿಪೋದ ಗೇಟಿನಲ್ಲಿ ಅವನದು ಒಂದೇ ಕೆಲಸ. ಬೆಳಿಗ್ಗೆ ಬಸ್ ಹೊರಡುವ ಮೊದಲು ಪ್ರತಿ ಡ್ರೈವರ್ ಬಾಯಿಗೂ ಯಂತ್ರ ಹಿಡಿದು ಊದಿಸುವುದು. ಕುಡಿದಿರದಿದ್ದರೆ ಸೊನ್ನೆ ಎಂದು ಅಚ್ಚಾದ ಚೀಟಿ ಹೊರಗೆ ಬರುತ್ತದೆ, ಆಮೇಲೆ ಗೇಟು ತೆರೆಯುತ್ತದೆ. ಡ್ರೈವರುಗಳು ಅವನಿಗೆ ಊದುಗೊಳವೆ ಎಂದು ಅಡ್ಡಹೆಸರಿಟ್ಟಿದ್ದರು. ಮುಖ ಮುಲಾಜಿಲ್ಲದ ಆಸಾಮಿ, ಒಬ್ಬರ ವಿಷಯ ಬಿಟ್ಟು. ಆ ಒಬ್ಬರು ಅವನ ಅಕ್ಕನ ಗಂಡ.

ಎರಡು ತಿಂಗಳ ಹಿಂದೆ ಭಾವ ಕುಡಿದು ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಅವನ ಕೈ ಹಿಡಿದಿದ್ದರು. "ಇವತ್ತೊಂದಿನ ನೀನೇ ಊದಿಬಿಡಯ್ಯ. ಕೆಲಸ ಹೋದ್ರೆ ನಿಮ್ಮಕ್ಕನ ಹೊಟ್ಟೆ ಮೇಲೆ ಹೊಡೆದಂಗೆ."

ಅವನು ಊದಿದ. ಅಕ್ಕನಿಗೋಸ್ಕರ ಎಂದುಕೊಂಡೇ ಊದಿದ, ಪಾಪ. ಆ ಒಂದು ದಿನ ಮುಗಿಯಲೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು?

ಇವತ್ತಂತೂ ಭಾವ ಗೋಡೆ ಹಿಡಿದು ನಡೆದು ಬಂದಿದ್ದರು. ಅವನು ಎಂದಿನಂತೆ ಊದಿ, ಚೀಟಿ ಹರಿದು ಅವರ ಜೇಬಿಗೆ ತುರುಕಿದ. ಅವರು ಬಸ್ ತರಲು ಒಳಗೆ ಹೋದರು. ಆಗಲೇ ಅಕ್ಕ ಮಗಳ ಕೈ ಹಿಡಿದುಕೊಂಡು ಗೇಟಿಗೆ ಬಂದಳು. ಅವನು ಅವಸರದಿಂದ ಎದುರು ಹೋದ.

"ನೀನ್ಯಾಕೆ ಬಂದೆ?"

"ಇವಳಿಗೆ ಪಕ್ಕದೂರಲ್ಲಿ ಪರೀಕ್ಷೆ ಕಣೋ. ಅಪ್ಪನ ಬಸ್ಸಲ್ಲೇ ಹೋಗ್ತೀನಿ ಅಂತಾಳೆ."

"ಅವರ ಬಸ್ ಹತ್ತಬೇಡ ಅಂತ ಇವಳ ಕೈಲಿ ಆಣೆ ಹಾಕಿಸಿದ್ದೆಯಲ್ಲ?"

"ಅದು ಆಗ." ಅಕ್ಕನ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಕಳೆ ಬಂದಿತ್ತು. "ಎರಡು ತಿಂಗಳಿಂದ ದಿನಾ ಸೊನ್ನೆ ಚೀಟಿ ತಂದು ತೋರಿಸ್ತಾರೆ. ಎಲ್ಲಾ ಕನ್ನಡಿ ಪಕ್ಕ ಅಂಟಿಸಿದ್ದೀನಿ. ಮನೇಲಿ ಒಂದೊಂದು ಸಲ ವಾಸನೆ ಬರುತ್ತೆ, ಹಲ್ಲುನೋವಿಗೆ ಔಷಧಿ ಅಂತಾರೆ. ಚೀಟಿ ಕೊಡೋನು ನನ್ನ ತಮ್ಮ ಅಲ್ವಾ, ಅನುಮಾನ ಪಡಬಾರದು ಅಂದ್ಕೊಂಡೆ."

ಬಸ್ ಬಂದು ನಿಂತಿತು. ತಾಯಿ ಮಗಳು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು. "ಮಾವ, ಟಾಟಾ," ಎಂದಿತು ಮಗು.

ಹೇಳಿದರೆ ಇಬ್ಬರ ಕೆಲಸವೂ ಹೋಗುತ್ತದೆ, ಅಕ್ಕನ ನಗುವೂ ಹೋಗುತ್ತದೆ. ಹೇಳದಿದ್ದರೆ? ಅವನು ಗೇಟು ಎಳೆದು ಬೀಗ ಜಡಿದ. ಯಂತ್ರವನ್ನು ಡ್ರೈವರ್ ಕಿಟಕಿಗೆ ಚಾಚಿದ.

"ಭಾವ, ಊದಿ."

ಭಾವ ಗಹಗಹಿಸಿ ನಕ್ಕರು. "ಇದೇನಯ್ಯ ಹೊಸ ನಾಟಕ? ದಿನಾ ಊದೋನು ನೀನು. ಇವತ್ತೂ ನೀನೇ ಊದಿದ್ದಾಯ್ತಲ್ಲ, ಗೇಟು ತೆಗಿ."

ಅಕ್ಕ ಮಗಳ ಕೈ ಹಿಡಿದುಕೊಂಡು ಕೆಳಗಿಳಿದಳು. ಗಂಡನ ಕಡೆ ತಿರುಗಿಯೂ ನೋಡದೆ ನೇರ ತಮ್ಮನ ಮುಂದೆ ಬಂದು ನಿಂತಳು. ಬೈಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡ ಅವನು. ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಕ್ಕ, ನಿಂಗೋಸ್ಕರ..."

"ನನ್ನ ಮಗಳು ಹತ್ತಿದ ದಿನ ಬೀಗ ಹಾಕಿದೆ," ಎಂದಳು ಅಕ್ಕ ಮೆಲ್ಲಗೆ. "ಎರಡು ತಿಂಗಳು ಆ ಬಸ್ಸಲ್ಲಿ ಕೂತಿದ್ದೋರು ಯಾರ ಮಕ್ಕಳೋ?"

ಹಿಂದೆ ಭಾವ ಗೇಟು ತೆಗೆಯೆಂದು ಹಾರ್ನ್ ಒತ್ತುತ್ತಲೇ ಇದ್ದರು.