ಯತಿನ್ ಹಚ್ಚಿದ ಹಸಿರು

ದಸರೆ ರಜೆಯ ಹಿಂದಿನ ದಿನ ಪ್ರಭಾ ಟೀಚರಿಗೆ ಎರಡು ಕೆಲಸವಿತ್ತು. ಮಕ್ಕಳಿಂದ ಶರತ್ಕಾಲದ ಕರಕುಶಲ ಮಾಡಿಸುವುದು ಒಂದು. ನಾಲ್ಕು ವರ್ಷದ ಯತಿನ್‌ನನ್ನು ನರ್ಸರಿಯಿಂದ ಮತ್ತೆ ಪ್ಲೇಗ್ರೂಪಿಗೆ ಇಳಿಸುವ ರಿಪೋರ್ಟಿಗೆ ಸಹಿ ಹಾಕುವುದು ಇನ್ನೊಂದು. ಎರಡೂ ಅವಳ ಮೈ ಉರಿಸಿದ್ದವು.

ಠಾಣೆ ಶಹರದ ವರ್ತಕ ನಗರದ ಆ ಪುಟ್ಟ ಶಾಲೆಗೆ ಕರಕುಶಲದ ಹಾಳೆಗಳು ಯಾವುದೋ ಕಂಪನಿಯಿಂದ ಬರುತ್ತಿದ್ದವು. ಈ ಸಲ ಬಂದದ್ದು ಚಳಿ ದೇಶಗಳಲ್ಲಿ ಕೆಂಪಾಗಿ ಉದುರುವ ಮೇಪಲ್ ಎಲೆ; ಕೆಂಪು ಹಚ್ಚಿ ಕತ್ತರಿಸಬೇಕು. ಮಳೆ ಈಗಷ್ಟೇ ನಿಂತು ಗೋಡೆಯ ಬಿರುಕಿನಲ್ಲೂ ಹಸಿರು ಉಕ್ಕುತ್ತಿರುವಾಗ ಠಾಣೆಯ ಮಕ್ಕಳ ಎಲೆ ಮಾತ್ರ ಕೆಂಪಾಗಿ ಉದುರಬೇಕಂತೆ! ಯತಿನ್ ಹಿಂದಿನ ದಿನವೇ ಅದಕ್ಕೆ ಹಸಿರು ಬಳಿದಿದ್ದ. ಯಾಕೋ ಎಂದರೆ, "ಪತ್ತಾ ತೋ ಹರಾ ಹೋತಾ ಹೈ, ಟೀಚರ್", ಎಲೆ ಅಂದ್ರೆ ಹಸಿರೇ ಅಲ್ವಾ, ಎಂದಿದ್ದ. ಮುಖ್ಯಸ್ಥೆ ರಮಿತಾ ರಿಪೋರ್ಟಿನಲ್ಲಿ ಬರೆದರು: ಬಣ್ಣ ತಿಳಿಯದು, ಹೇಳಿದ್ದು ತಿಳಿಯದು.

ಪ್ರಭಾ ಉಳಿದ ಹಾಳೆಗಳನ್ನು ಕಪಾಟಿಗೆ ತುರುಕಿದಳು. ತಾನೇ ಕೊಂಡು ತಂದ ಚೆಂಡು ಹೂ, ಮಾವಿನೆಲೆಗಳನ್ನು ಚಾಪೆಯ ಮೇಲೆ ಸುರಿದು, ಮೊಂಡು ಸೂಜಿ ಕೊಟ್ಟು ತೋರಣ ಕಟ್ಟಲು ಕೂರಿಸಿದಳು. ಎರಡು ಹೂ, ಒಂದು ಎಲೆ. ಯತಿನ್ ನಾಲಿಗೆ ಹೊರಚಾಚಿಕೊಂಡು ಮಾರುದ್ದ ಪೋಣಿಸಿದ.

ಅಷ್ಟರಲ್ಲಿ ರಮಿತಾ ಅವನ ತಾಯಿ, ತಮ್ಮಂತೆಯೇ ಕನ್ನಡದವಳಾದ ಯಾಮಿನಿಯನ್ನು ಕರೆತಂದರು. ಮಗ ಮಂದ ಎಂಬ ಮಾತನ್ನು ನಂಬಿಯೇ ಬಂದಿದ್ದ ಆಕೆಯ ಕಣ್ಣು ಕೆಂಪಗಿತ್ತು.

"ಇದೆಂಥದು ಮಾರಾಯ್ರೆ? ವರ್ಕ್‌ಶೀಟ್ ಎಲ್ಲಿ?" ಎನ್ನುತ್ತಾ ರಮಿತಾ ಬಗ್ಗಿ ಯತಿನ್‌ನ ದಾರಕ್ಕೆ ಮೂರನೆಯ ಹೂ ಏರಿಸಿದರು. "ಹೂ ಜಾಸ್ತಿ ಇದ್ರೆ ಚಂದ."

ಹುಡುಗ ಅದನ್ನು ಎಳೆದು ತೆಗೆದ. "ದೋ ಫೂಲ್, ಏಕ್ ಪತ್ತಾ. ಆಪ್‌ಕೋ ನಹೀ ಆತಾ?" ನಿಮಗೆ ಕಟ್ಟಲು ಬರಲ್ವಾ ಎಂದು ಮುಖ್ಯಸ್ಥೆಯನ್ನೇ ಕೇಳಿದ.

ಯಾಮಿನಿಗೆ ನಗು ಬಂದುಬಿಟ್ಟಿತು. ರಮಿತಾರ ಮುಖ ಕೆಂಪಾಯಿತು. "ಹೂ ಕಟ್ಟುದು ಬೇರೆ, ಸಿಲೆಬಸ್ ಬೇರೆ. ಸೈನ್ ಹಾಕಿ ಪ್ರಭಾ. ಇಲ್ಲದಿದ್ರೆ ರಜೆ ಮುಗಿದ ಮೇಲೆ ಬರುದು ಬೇಡ."

ಕೆಲಸ ಪ್ರಭಾಳಿಗೆ ಬೇಕೇ ಬೇಕಿತ್ತು. ಆದರೆ ಕಲಿಸಲು ಬಾರದವರು ಮಗುವನ್ನು ದಡ್ಡ ಅನ್ನುವುದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆಯೇ. ಗದಗಿನ ಹೆಣ್ಣು, ಸಿಟ್ಟು ನೆತ್ತಿಗೇರಿತು. ಪೆನ್ನು ತೆಗೆದು, ರಮಿತಾ ಮುಂದೆ ಹಿಡಿದ ರಿಪೋರ್ಟಿನಲ್ಲಿ ಅವರು ಬರೆದ ಸಾಲನ್ನು ಹೊಡೆದುಹಾಕಿದಳು. ಕೆಳಗೆ ಬರೆದಳು: ಬಣ್ಣ ಬಲ್ಲ. ಕಂಡದ್ದನ್ನೇ ಹಚ್ಚುತ್ತಾನೆ. ನರ್ಸರಿಯಲ್ಲೇ ಇರಲಿ.

"ತಗೋರಿ, ಸಹಿ ಹಾಕೇನಿ. ಹರೀತೀರೋ, ಇಟ್ಕೋತೀರೋ, ನಿಮಗ ಬಿಟ್ಟದ್ದು."

ರಮಿತಾ ಕೈ ಚಾಚುವ ಮೊದಲೇ ಯಾಮಿನಿ ಆ ಕಾಗದವನ್ನು ಎತ್ತಿ, ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ನನ್ ಮಗನ ರಿಪೋರ್ಟು ಮೇಡಂ, ನನ್ ಹತ್ರಾನೇ ಇರ್ಲಿ. ರಜೆ ಮುಗಿದ್ಮೇಲೆ ಇದನ್ನ ಬರೆದ ಟೀಚರ್ ಎಲ್ಲಿರ್ತಾರೋ, ಇವನೂ ಅಲ್ಲೇ ಇರ್ತಾನೆ."