ಒಂದು ಗುದ್ದಿನ ಆಸೆ

ಕೋಲಾರದ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದಾಗ ಚೌಡಯ್ಯ ಬಾಕ್ಸಿಂಗ್ ಆಡುತ್ತಿದ್ದ. ಕೊಳ್ಳೇಗಾಲಕ್ಕೆ ಹಿಂತಿರುಗಿ ಮಗ್ಗ ಹಿಡಿದ ಮೇಲೆ ಆ ಆಟವನ್ನು ಕೇಳುವವರೇ ಇರಲಿಲ್ಲ. ೧೯೭೪ರಲ್ಲಿ ಆಫ್ರಿಕಾದಲ್ಲಿ ನಡೆದ ದೊಡ್ಡ ಬಾಕ್ಸಿಂಗ್ ಪಂದ್ಯದ ಚಿತ್ರ ಪತ್ರಿಕೆಯಲ್ಲಿ ಬಂದದ್ದೇ ತಡ, ನೇಕಾರರ ಬೀದಿಯ ಯುವಕರು ಆಟ ಕಲಿಯಲು ಅವನ ಅಂಗಳದಲ್ಲಿ ನೆರೆದರು.

ಐವತ್ತು ದಾಟಿದ ಚೌಡಯ್ಯನಿಗೆ ಪಾಠ ಹೇಳುವ ಆಸೆಯಿರಲಿಲ್ಲ; ಇನ್ನೊಮ್ಮೆ ನಿಜವಾದ ಪಂದ್ಯ ಆಡಬೇಕಿತ್ತು. ತಾನೂ ಗ್ಲೌಸ್ ತೊಟ್ಟು, ಎದುರುಮನೆಯ ರಾಚಪ್ಪನಿಗೂ ತೊಡಿಸಿದ.

"ಎಲ್ಲಿ, ನಂಗೆ ಬಿಡ್ಲಾ ಒಂದು ಗುದ್ದು."

ರಾಚಪ್ಪ ಮೊದಲು ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕರಿಸಿದ. ಅನಂತರ ಮಗುವಿನ ಬೆನ್ನು ತಟ್ಟುವಂತೆ ಅವನ ಭುಜವನ್ನು ತಟ್ಟಿದ.

"ಲೇ, ಸೊಳ್ಳೆ ಓಡುಸ್ತಿದ್ದೀಯೇನ್ಲಾ? ಮೂತಿಗೆ ಬಿಡು!"

"ನೀವು ನಮ್ಮಪ್ಪನ ವಾರಿಗೇರು ಕಣ್ ಮಾವ. ನಿಮ್ ಮೇಲೆ ಕೈ ಮಾಡುದ್ರೆ ನಮ್ಮವ್ವ ಅನ್ನ ಇಕ್ಕಾಕಿಲ್ಲ."

ಎಲ್ಲರೂ ನಕ್ಕರು. ಬೇರೊಬ್ಬನನ್ನು ಕರೆದರೂ ಅದೇ ಉತ್ತರ ಬಂತು. ಗಣಿಯಲ್ಲಿ ಅವನನ್ನು ಮಾವ ಎನ್ನುವವರು ಯಾರೂ ಇರಲಿಲ್ಲ. ಕೊನೆಗೆ ಚೌಡಯ್ಯ ತನ್ನ ಗ್ಲೌಸನ್ನು ಬಿಚ್ಚಿ ಇನ್ನೊಬ್ಬ ಯುವಕನಿಗೆ ಕೊಟ್ಟು, ಜಗಲಿಯ ಮೇಲೆ ಕುಳಿತ.

ಸರೀಕರಾದ ಅವರಿಬ್ಬರೂ ಸಂಕೋಚವಿಲ್ಲದೆ ಹೊಡೆದಾಡಿದರು. ರಾಚಪ್ಪನ ಬಲವಾದ ಗುದ್ದೊಂದು ಎದುರಾಳಿಯ ದವಡೆಗೆ ಬಿದ್ದಾಗ, ಜಗಲಿಯ ಮೇಲೆ ಕುಳಿತಿದ್ದ ಚೌಡಯ್ಯನ ಕೈ ತಾನಾಗಿ ಮೇಲೆದ್ದು ಅವನದೇ ಗಲ್ಲವನ್ನು ಕಾಯಿತು.