ಬಡ್ಡಿ ಬಾರದ ಬೇಸಿಗೆ

"ಇನ್ನೊಂದ್ಸಲ ಓದಮ್ಮಾ," ಎಂದರು ಮೊಮ್ಸೆನ್ ಅಜ್ಜಿ.

ವೀಬ್ಕೆ ಬ್ಯಾಂಕಿನ ಕಾಗದವನ್ನು ಮೂರನೆಯ ಸಲ ಓದಿದಳು. ನಿಧಿಯ ಒಂದು ಲಕ್ಷ ಯೂರೋವನ್ನೂ ಕೊಟ್ಟು ಜರ್ಮನ್ ಸರ್ಕಾರದ ಸಾಲಪತ್ರ ಕೊಂಡರೆ, ಹತ್ತು ವರ್ಷ ಕಳೆದ ಮೇಲೆ ಕೈಗೆ ಬರುವುದು ತೊಂಬತ್ತೇಳು ಸಾವಿರ. ನಡುವೆ ಬಡ್ಡಿ ಎಂಬುದೇ ಇಲ್ಲ. ದೊಡ್ಡ ಕಂಪನಿಗಳ ಪತ್ರಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಓದುತ್ತಿದ್ದಂತೆ ಮೇಜಿನ ಕೆಳಗೆ ಅವಳ ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ಚಹಾದ ಬಟ್ಟಲುಗಳು ಸಣ್ಣಗೆ ಸದ್ದು ಮಾಡಿದವು.

"ಅಂದ್ರೆ ಹಸೂನ ನಾವೇ ಕೊಟ್ಟು, ಹಾಲು ಅವರು ಕುಡಿದು, ಮೇಲೆ ಹುಲ್ಲಿನ ದುಡ್ಡೂ ನಮ್ಮಿಂದ್ಲೇ ವಸೂಲಿ," ಎಂದರು ಅಜ್ಜಿ. "ಸರ್ಕಾರದೋರು ಭಾಳ ಬುದ್ಧಿವಂತ್ರು."

ಪಾದ್ರಿ ಹಾರ್ಮ್ಸ್ ನಗಲಿಲ್ಲ. ನಿಧಿಯ ಸಮಿತಿಯೆಂದರೆ ಈ ಮೂವರೇ. ಎಪ್ಪತ್ತು ವರ್ಷದ ಹಿಂದೆ ಅಜ್ಜಿಯ ದೊಡ್ಡಮ್ಮ ಗೇಷೆ, ತನ್ನ ಮಗ ಬೋಯೆ ಕಡಲಲ್ಲಿ ಮುಳುಗಿಹೋದ ಮೇಲೆ, ಹೊಲ ಮಾರಿ ಕಟ್ಟಿದ ನಿಧಿ ಅದು. ಅವಳ ಉಯಿಲಿನ ಪ್ರಕಾರ ಬಡ್ಡಿಯಿಂದ ದ್ವೀಪದ ಮಕ್ಕಳಿಗೆ ಪ್ರತಿ ಬೇಸಿಗೆ ಈಜು ಕಲಿಸಬೇಕು. ಅಸಲಿನ ಒಂದು ಕಾಸೂ ಮುಟ್ಟಕೂಡದು. ಹಣ ಸರ್ಕಾರದ ಪತ್ರದಲ್ಲೇ ಇರಬೇಕು. ಹಳೆಯ ಪತ್ರದ ಅವಧಿ ಕಳೆದ ವಾರ ಮುಗಿದಿತ್ತು. ಈಜಿನ ತರಗತಿ ಕೈಬಿಟ್ಟು ಹೊಸ ಪತ್ರ ಕೊಳ್ಳೋಣ, ಉಯಿಲು ಎಂದರೆ ಉಯಿಲು ಎಂದು ಪಾದ್ರಿ ಮೆಲುದನಿಯಲ್ಲೇ ತೀರ್ಮಾನ ಹೇಳಿಬಿಟ್ಟಿದ್ದರು.

ಕಷ್ಟವೆಂದರೆ, ಲೆಕ್ಕ ನೋಡಿಕೊಳ್ಳುವ ವೀಬ್ಕೆ ಇವರಿಬ್ಬರನ್ನೂ ಕೇಳದೆ ಈಜು ಮೇಷ್ಟ್ರು ಡೆಟ್ಲೆಫ್ಸೆನ್‌ರಿಗೆ ಮಾತು ಕೊಟ್ಟಾಗಿತ್ತು. ಈಸ್ಟರ್ ಕಳೆದದ್ದೇ, ಪ್ರತಿ ವರ್ಷದಂತೆ, ಕೈ ಕುಲುಕಿದ್ದಳು. ಇಲ್ಲಿ ಕೈ ಕುಲುಕಿದ ಮೇಲೆ ಕಾಗದ ಯಾರೂ ಕೇಳುವುದಿಲ್ಲ. ಅವರು ಬೇರೆ ಊರಿನ ಕೆಲಸ ಬಿಟ್ಟಿದ್ದರು. ಹನ್ನೊಂದು ಮಕ್ಕಳ ಹೆಸರೂ ಬಂದಿತ್ತು. ಹೇಳಿಬಿಡಬೇಕು ಎಂದು ಬಾಯಿ ತೆರೆದಾಗಲೆಲ್ಲ ಅವಳ ಕೈ ಇನ್ನೊಂದು ಕಲ್ಲುಸಕ್ಕರೆಯನ್ನು ಚಹಾಕ್ಕೆ ಹಾಕುತ್ತಿತ್ತು, ಮಾತು ಒಳಗೇ ಉಳಿಯುತ್ತಿತ್ತು. ಈಗ ಹಾಕಿದ್ದು ನಾಲ್ಕನೆಯದು.

"ಡೆಟ್ಲೆಫ್ಸೆನ್‌ರಿಗೆ ಬನ್ನಿ ಅಂದ್ಬಿಟ್ಟಿದ್ದೀನಿ," ಎಂದಳು, ಬಟ್ಟಲನ್ನೇ ನೋಡುತ್ತ.

ಪಾದ್ರಿ ಕನ್ನಡಕ ತೆಗೆದು, ಯಾರ ಅಪ್ಪಣೆ ಎಂದು ಕೇಳಿದರು. ಯಾರದೂ ಇಲ್ಲ ಎಂದಳು. ಆಮೇಲೆ, ತಾನೇ ಬೆಚ್ಚುವಷ್ಟು ಗಟ್ಟಿಯಾಗಿ, "ಪತ್ರ ಕೊಂಡ್ರೂ ಅಸಲು ಕರಗುತ್ತೆ, ಪಾದ್ರಿಗಳೇ. ಉಯಿಲು ಹೆಂಗಿದ್ರೂ ಮೀರಿದ ಹಾಗೇ. ಈಜು ಕಲಿಸಿನೇ ಮೀರೋಣ."

ನಿಧಿಗಳ ಲೆಕ್ಕ ನೋಡುವ ಮೇಲಿನ ಕಚೇರಿ ಸುಮ್ಮನಿರುವುದಿಲ್ಲ ಎಂದರು ಪಾದ್ರಿ. ಉಯಿಲು ಕಾಯುವವರು ಇಲ್ಲೇ ಕೂತಿದ್ದಾರೆ, ಅವರೇ ಹೇಳಲಿ ಎಂದು ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಇಷ್ಟು ವರ್ಷ ಆ ಉಯಿಲಿನ ಒಂದಕ್ಷರ ಅಲುಗಲೂ ಬಿಟ್ಟವರಲ್ಲ. ವೀಬ್ಕೆಗೆ ಎದ್ದು ಹೊರಗೆ ಓಡಬೇಕೆನಿಸಿತು.

"ಬೋಯೆ ಮುಳುಗಿದ ದಿನ ನಾನು ದಡದಲ್ಲೇ ಇದ್ದೆ," ಎಂದರು ಅಜ್ಜಿ. "ಹದಿನಾಲ್ಕು ವರ್ಷ ನಂಗೆ. ಈಜು ಬರ್ತಿರ್ಲಿಲ್ಲ."

ಅಜ್ಜಿ ಬ್ಯಾಂಕಿನ ಕಾಗದವನ್ನು ನಾಲ್ಕಾಗಿ ಮಡಚಿದರು.

"ಈ ದುಡ್ಡು ಎಷ್ಟು ಬೇಸಿಗೆಗೆ ಬರುತ್ತೆ?"

"ಇಪ್ಪತ್ತೈದು."

"ಸಾಕು. ಬರ್ಕೋ."

ಸಭೆ ಮುಗಿದ ಮೇಲೆ ವೀಬ್ಕೆ ಅಜ್ಜಿಯನ್ನು ಮನೆಗೆ ಬಿಡಲು ಕಡಲ ಏರಿಯ ಮೇಲೆ ಹೊರಟಳು. ಇಳಿತ ಮುಗಿದು ನೀರು ಮರಳುವ ಹೊತ್ತು. ಅಜ್ಜಿ ದಡದ ಮೆಟ್ಟಿಲ ಬಳಿ ನಿಂತುಬಿಟ್ಟರು. ಕೆಸರಿನ ಸೀಳುಗಳಲ್ಲಿ ನೀರು ಬೆರಳು ಬೆರಳಾಗಿ ಒಳಬಂದು, ಕೂಡಿಕೊಂಡು, ಕೊನೆಯ ಮೆಟ್ಟಿಲನ್ನು ಮುಚ್ಚುವ ತನಕ ಅವರು ಕದಲಲಿಲ್ಲ.